ಇಪ್ಪತ್ತೊಂದು ಅಡಿ

ಜನವರಿ 12, 1975. ಭಾನುವಾರ

ಶುಕ್ರವಾರ ನಮ್ಮ ಆಫೀಸಿನಲ್ಲಿ ನಕ್ಷೆ ಬರೆಯುವವರನ್ನೆಲ್ಲ ಒಟ್ಟಿಗೆ ಕೆಲಸದಿಂದ ತೆಗೆದರು. ಹನ್ನೊಂದು ಜನ. ಇಪ್ಪತ್ತೆರಡು ವರ್ಷ ಅದೇ ಸ್ಟೂಲಿನ ಮೇಲೆ ಕೂತು ಬೆನ್ನು ಗೂನಾದ ಮುದುಕನಿಗೂ ಮೂರು ಗಂಟೆಗೆ ಕಾಗದ ಕೊಟ್ಟು ನಾಲ್ಕಕ್ಕೆ ಬಾಗಿಲು ತೋರಿಸಿದರು. ಕಾಲ ಕೆಟ್ಟಿದೆಯಂತೆ. ಕಾಲ ಕೆಟ್ಟಾಗ ಮೊದಲು ಹೊರಬೀಳುವವನು ಪೆನ್ಸಿಲ್ ಹಿಡಿದವನು. ಫೋನ್ ಹಿಡಿದವನ ಕುರ್ಚಿ ಅಲುಗುವುದಿಲ್ಲ.

ಆಮೇಲೆ ವಿಭಾಗದ ಮುಖ್ಯಸ್ಥ ಕಿಂಬಲ್ ನಮ್ಮನ್ನೆಲ್ಲ ಸೇರಿಸಿ, ಇನ್ನು ಮೇಲೆ ಎಂಜಿನಿಯರುಗಳು ಕೈಯಲ್ಲಿ ಬರೆದ ಸ್ಕೆಚ್ಚೇ ನೇರವಾಗಿ ಕಾರ್ಖಾನೆಗಳಿಗೆ ಹೋಗುತ್ತದೆ ಎಂದ. ಎದ್ದು ನಿಂತವರು ಲೋಮಾನ್ ಒಬ್ಬರೇ. ಇಪ್ಪತ್ತು ವರ್ಷದಿಂದ ನನ್ನ ಬರಹವನ್ನು ಇನ್ನೊಬ್ಬರು ಅಚ್ಚುಕಟ್ಟಾಗಿ ನಕಲು ಮಾಡಿ ಕಳಿಸಿದ್ದಾರೆ, ಈಗ ಅದನ್ನು ಓದುವವರು ಯಾರು ಎಂದು ಕೇಳಿದರು. ಓದು ಬರುವವರೇ ಓದುತ್ತಾರೆ ಬಿಡು ಎಂದು ಕಿಂಬಲ್ ನಕ್ಕ. ನಾನೂ ಏಳಬೇಕೆಂದಿದ್ದೆ. ಅಷ್ಟರಲ್ಲಿ ಸಭೆ ಮುಗಿಯಿತು.

ರೈನ್‌ಹಾರ್ಟ್ ಲೋಮಾನ್ ನನ್ನ ಪಕ್ಕದ ಮೇಜಿನವರು. ವಯಸ್ಸು ಐವತ್ತೊಂದು. ಅವರು ಹುಟ್ಟಿದ ಊರು ಆಗ ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. 1953ರಲ್ಲಿ ಹಡಗು ಹತ್ತಿ ಇಲ್ಲಿಗೆ, ಅಮೆರಿಕಕ್ಕೆ ಬಂದರು. ಹನ್ನೆರಡು ಹೊಡೆದೊಡನೆ ಕರಿ ರೊಟ್ಟಿಯ ಡಬ್ಬಿ ತೆಗೆಯುತ್ತಾರೆ, ಐದು ಹೊಡೆದೊಡನೆ ಕೋಟು ತೊಡುತ್ತಾರೆ. ಐದರ ನಂತರದ ಬದುಕಿಗಾಗಿಯೇ ಎಂಟರಿಂದ ಐದು ದುಡಿಯುವ ಮನುಷ್ಯ. ಕೆಂಡಲ್ ಪಾರ್ಕಿನ ಅವರ ಹಿತ್ತಿಲಲ್ಲಿ ಒಂದೇ ಸೇಬಿನ ಮರಕ್ಕೆ ಐದು ಜಾತಿ ಕಸಿ ಕಟ್ಟಿದ್ದಾರೆ. ನೆಲಮಾಳಿಗೆಯಲ್ಲಿ ಕ್ಯಾನ್ವಾಸು, ಮರದ ಪಟ್ಟಿಗಳ ಒಂದು ಮಡಚುವ ದೋಣಿ ಇದೆ. ಬಿಚ್ಚಿದರೆ ಎರಡು ಚೀಲ, ಜೋಡಿಸಿದರೆ ಹದಿನೇಳು ಅಡಿ. ಹೆಂಡತಿ ಇಂಗೆ ಮತ್ತು ಹದಿನಾರರ ಮಗಳು ಊಟೆ ಬಿಟ್ಟರೆ ಅವರಿಗೆ ಅದೇ ಆಸ್ತಿ.

ನಾನು ಇಲ್ಲಿಗೆ ಓದಲು ಬರುವ ಮೊದಲು ರೂರ್ಕೆಲಾ ಉಕ್ಕಿನ ಕಾರ್ಖಾನೆಯಲ್ಲಿ ಮೂರು ವರ್ಷ ಜರ್ಮನರ ಕೈಕೆಳಗಿದ್ದವನು. ಅವರ ರೀತಿ ಗೊತ್ತು. ಅದಕ್ಕೇ ಇರಬೇಕು, ಇಡೀ ಆಫೀಸಿನಲ್ಲಿ ಅವರು ಮನೆಗೆ ಕರೆಯುವುದು ನನ್ನೊಬ್ಬನನ್ನೇ. ನನ್ನ ಹೆಂಡತಿ ಗಿರಿಜಾ ಲೋಮಾನರಿಗೆ ಲೋಮಣ್ಣ ಎಂದು ಹೆಸರಿಟ್ಟಿದ್ದಾಳೆ.

ಮಾರ್ಚ್ 11, ಮಂಗಳವಾರ

ಹದಿನಾಲ್ಕು ಹಾಳೆ ಪರಿಶೀಲಿಸಿ ಸಹಿ ಹಾಕಿದೆ. ಮೂವರ ಕೆಲಸ ಒಬ್ಬನ ತಲೆಗೆ. ಇದನ್ನು ದಕ್ಷತೆ ಎಂದು ಕರೆಯುತ್ತಾರೆ. ನನ್ನ ರಬ್ಬರ್ ಕಳೆದುಹೋಗಿ ಲೋಮಾನರ ಮೇಜಿಗೆ ಹೋಗಿ ಕಡ ತಂದೆ.

ಮೇ 18, ಭಾನುವಾರ

ಕಿಂಗ್‌ಸ್ಟನ್ನಿನ ಕಾಲುವೆಯಲ್ಲಿ ದೋಣಿ. ಇಪ್ಪತ್ತು ನಿಮಿಷದಲ್ಲಿ ಲೋಮಾನ್ ಅದನ್ನು ಜೋಡಿಸಿದರು. ಊಟೆ ಗಡಿಯಾರ ಹಿಡಿದು ನಿಂತಿದ್ದಳು. ನಮ್ಮ ಮಗಳು ನೀತಾಳನ್ನು ಮುಂದೆ ಕೂರಿಸಿಕೊಂಡು ಅವಳಿಗೆ ಹುಟ್ಟು ಹಾಕುವುದನ್ನು ಕಲಿಸಿದಳು. ಒಂಬತ್ತು ವರ್ಷದ ಈ ಹುಡುಗಿ ನಾನು ಕನ್ನಡದಲ್ಲಿ ಹೆದರಬೇಡ ಎಂದರೆ "ಪಪ್ಪಾ, ಐಯಾಮ್ ನಾಟ್ ಸ್ಕೇರ್ಡ್, ಯು ಆರ್" ಎನ್ನುತ್ತಾಳೆ. ಗಿರಿಜಾ ಅವಲಕ್ಕಿ ಮಾಡಿ ತಂದಿದ್ದಳು. ಲೋಮಾನ್ ಎರಡು ಸಲ ಹಾಕಿಸಿಕೊಂಡು, ಒಳಗಿನ ಹಸಿಮೆಣಸಿನಕಾಯಿಗಳನ್ನು ಆರಿಸಿ ತಟ್ಟೆಯ ಅಂಚಿನಲ್ಲಿ ಉದ್ದದ ಪ್ರಕಾರ ಸಾಲಾಗಿ ಇಟ್ಟರು.

"ಲೋಮಣ್ಣ ಮೆಣಸಿನಕಾಯಿಗೂ ನಕ್ಷಾ ತಗದಾನ ನೋಡ್ರಿ" ಎಂದು ಗಿರಿಜಾ ಅವರ ಎದುರಿಗೇ ನಕ್ಕಳು. ಅರ್ಥ ಮಾಡಿಸಿದಾಗ ಅವರು ಅವಳಿಗಿಂತ ಜೋರಾಗಿ ನಕ್ಕರು.

ಹೆಂಗಸರು ಆಚೆ ಹೋದಾಗ, ಬಹಳ ದಿನದಿಂದ ನನ್ನ ನಾಲಗೆ ತುದಿಯಲ್ಲಿದ್ದುದನ್ನು ಕೇಳಿಯೇಬಿಟ್ಟೆ. ನಾನು ಓದಿದವನು, ತಾರೀಖುಗಳು ಗೊತ್ತಿರುವವನು. ಯುದ್ಧದಲ್ಲಿ ನಿಮ್ಮ ಊರಿನಿಂದಲೂ ಯಹೂದಿ ಜನರನ್ನು ರೈಲಿಗೆ ತುಂಬಿ ಒಯ್ದಿರಬೇಕಲ್ಲ, ಆಗ ನಿಮ್ಮವರೆಲ್ಲ ಏನು ಮಾಡುತ್ತಿದ್ದರು ಎಂದೆ. ಅವರು ದೋಣಿಯ ಹಗ್ಗ ಸುತ್ತುತ್ತಿದ್ದರು. "ನನಗೆ ಹದಿನೆಂಟು. ಸ್ಟೇಷನ್ನಿನಲ್ಲಿ ನೋಡಿದೆ. ಮಾತಾಡಲಿಲ್ಲ" ಎಂದರು. ನೆಪ ಹೇಳಲಿಲ್ಲ.

ಒಪ್ಪಿಕೊಂಡರೇನು ಬಂತು? ಇಡೀ ಒಂದು ದೇಶ ಬಾಯಿ ಮುಚ್ಚಿ ನಿಂತಿತ್ತು. ಒಳ್ಳೆಯವರು, ಸೇಬಿನ ಗಿಡಕ್ಕೆ ಕಸಿ ಕಟ್ಟುವವರು. ಇಂಥವರನ್ನು ಇಷ್ಟಪಡಬಹುದು, ಕ್ಷಮಿಸಲಾಗದು.

ಜೂನ್ 27, ಶುಕ್ರವಾರ

ಊರಿನಲ್ಲಿ ತುರ್ತು ಪರಿಸ್ಥಿತಿ. ವಿರೋಧಿಗಳೆಲ್ಲ ಜೈಲಿಗೆ, ಪತ್ರಿಕೆಗಳ ಬಾಯಿಗೆ ಬೀಗ. 1942ರಲ್ಲಿ ನನಗೆ ಏಳು ವರ್ಷ. ಧಾರವಾಡದ ನಮ್ಮ ಓಣಿಯ ಚಂದ್ರಶೇಖರಪ್ಪ ಮಾಸ್ತರರು ಕ್ಷಮಾಪಣೆಯ ಕಾಗದಕ್ಕೆ ಸಹಿ ಹಾಕಲಾರೆ ಎಂದು ಕೆಲಸ ಕಳೆದುಕೊಂಡು, ಕೊನೆಗೆ ಹಪ್ಪಳ ಮಾರಿ ಬದುಕಿದರು. ಸಹಿ ಹಾಕಿದ ನಾಲ್ವರ ಹೆಸರು ನನಗೆ ಇವತ್ತಿಗೂ ಬಾಯಿಪಾಠ. ಅವರಲ್ಲಿ ಒಬ್ಬ ಹೆಡ್‌ಮಾಸ್ತರನಾಗಿ, ನನಗೇ ನೀತಿಪಾಠ ಹೇಳಿದ.

ಮೈಸೂರಿನ ಗೆಳೆಯ ಶಿವರಾಮ್ ಇಲ್ಲೇ ಎಡಿಸನ್ನಿನಲ್ಲಿದ್ದಾನೆ. ಇಬ್ಬರೂ ಫೋನಿನಲ್ಲಿ ಒಂದು ಗಂಟೆ ಮಾತಾಡಿದೆವು. ಇಲ್ಲಿಯ ಕನ್ನಡಿಗರಿಂದ ಒಂದು ಖಂಡನಾಪತ್ರ ಹೋಗಬೇಕು.

ಜುಲೈ 12, ಶನಿವಾರ

ನಿನ್ನೆ ಬೆಳಿಗ್ಗೆ ನಮ್ಮ ಕಂಪನಿ ಕೆಲಸ ಮಾಡಿಕೊಟ್ಟ ಒಂದು ಸಾಬೂನಿನ ಕಾರ್ಖಾನೆಯಲ್ಲಿ ಟ್ಯಾಂಕು ಒಡೆಯಿತು. ಒಳಗೆ ಕುದಿಯುವಷ್ಟು ಬಿಸಿಯಾದ ಕ್ಷಾರದ ದ್ರಾವಣ. ಕೆಳಗಿದ್ದ ಇಬ್ಬರ ಮೇಲೆ ಬಿತ್ತು. ಒಬ್ಬ ಪಾರಾದ. ಇನ್ನೊಬ್ಬ ಒರ್ಟೀಸ್ ಎಂಬವನ ಎರಡೂ ಕಣ್ಣು ಹೋಗಿವೆ. ಮೂರು ಮಕ್ಕಳಂತೆ. ಆ ಟ್ಯಾಂಕಿನ ಕೆಲಸಕ್ಕೆ ಸ್ಕೆಚ್ ಬರೆದವರು ಲೋಮಾನ್. ಪರಿಶೀಲಿಸಿದವನು ನಾನು.

ಜುಲೈ 15, ಮಂಗಳವಾರ

ಏನಾಯಿತು ಎಂಬುದು ಇವತ್ತು ತಿಳಿಯಿತು. ನೆಟ್ಟಗೆ ಬರೆದಿಡುತ್ತೇನೆ.

ಟ್ಯಾಂಕು ಮೂವತ್ತು ಅಡಿ ಎತ್ತರದ್ದು, ಹಳೆಯದು. ಮೇಲ್ಭಾಗದ ತಗಡು ತುಕ್ಕು ತಿಂದು ತೆಳುವಾಗಿತ್ತು. ಇಪ್ಪತ್ತೊಂದು ಅಡಿಗಿಂತ ಹೆಚ್ಚು ತುಂಬಬಾರದು, ಅಷ್ಟು ಏರಿದೊಡನೆ ಪಂಪು ತಾನಾಗಿ ನಿಲ್ಲುವಂತೆ ಫ್ಲೋಟ್ ಕೂರಿಸಿ ಎಂದು ಲೋಮಾನ್ ಮಾರ್ಚಿನಲ್ಲಿ ಸ್ಕೆಚ್ ಬರೆದುಕೊಟ್ಟರು. ಕಾರ್ಖಾನೆಯವರು ಫ್ಲೋಟನ್ನು ಇಪ್ಪತ್ತೇಳು ಅಡಿಗೆ ಕೂರಿಸಿದ್ದಾರೆ.

ಯಾಕೆಂದರೆ ಜರ್ಮನರು ಒಂದು ಎಂಬ ಅಂಕಿಯನ್ನು ಬರಿಯ ಗೆರೆಯಾಗಿ ಬರೆಯುವುದಿಲ್ಲ. ತಲೆಯಿಂದ ಎಡಕ್ಕೆ ಇಳಿಯುವ ಉದ್ದವಾದ ಒಂದು ಓರೆಗೆರೆ ಎಳೆಯುತ್ತಾರೆ. ನೋಡಿದ ಅಮೆರಿಕನ್ನರಿಗೆ ಅದು ಏಳು. ಜರ್ಮನರ ಏಳು ಅಂಕಿಯ ಹೊಟ್ಟೆಯಲ್ಲಿ ಅಡ್ಡಗೆರೆ ಇರುತ್ತದೆ, ಆದ್ದರಿಂದ ಅವರಿಗೆ ಗೊಂದಲವೇ ಇಲ್ಲ. ಮೊದಲಾಗಿದ್ದರೆ ನಕ್ಷೆ ಬರೆಯುವ ಮುದುಕ ತಿದ್ದಿ ಬರೆಯುತ್ತಿದ್ದ. ಅವನನ್ನು ಜನವರಿಯಲ್ಲಿ ಓಡಿಸಿದರು.

ನಾನು? ಮಾರ್ಚ್ 11ರ ಹದಿನಾಲ್ಕು ಹಾಳೆಗಳಲ್ಲಿ ಅದೂ ಒಂದು, ಇಪ್ಪತ್ತೊಂದು ಎಂದೇ ಓದಿದೆ. ಎಳ್ಳಷ್ಟೂ ಸಂಶಯವಿಲ್ಲ. ರೂರ್ಕೆಲಾದಲ್ಲಿ ಮೂರು ವರ್ಷ ಅಂಥ ಒಂದುಗಳನ್ನೇ ಓದಿದ ಕಣ್ಣು ಇದು. ಅವರ ಮೇಜಿಗೆ ಹೋಗಿ, ಇದು ಒಂದೋ ಏಳೋ ಎಂದು ಕೇಳುವ ಪ್ರಶ್ನೆಯೇ ಏಳಲಿಲ್ಲ. ಬೇರೆ ಯಾರೇ ನನ್ನ ಕುರ್ಚಿಯಲ್ಲಿದ್ದರೂ ಕೇಳುತ್ತಿದ್ದರು. ಪರಿಶೀಲಿಸುವವನು ಪರಕೀಯನಂತೆ ಓದಬೇಕು. ನಾನು ಮನೆಯವನಂತೆ ಓದಿದೆ. ತಪ್ಪು ಅವರದಲ್ಲ. ಮೊದಲ ತಪ್ಪು ಕಿಂಬಲ್‌ನದು, ಎರಡನೆಯದು ನನ್ನದು. ಇದನ್ನು ಕೇಳಿದವರಿಗೆಲ್ಲ ಹೇಳುತ್ತೇನೆ.

ಜುಲೈ 20, ಭಾನುವಾರ

ಖಂಡನಾಪತ್ರ ತಯಾರಾಯಿತು. ಮೊದಲ ಸಹಿ ನನ್ನದು. ಶಿವರಾಮನ ಜೊತೆ ಹದಿನಾರು ಮನೆ ಸುತ್ತಿದೆ, ಸಿಕ್ಕ ಸಹಿ ಐದು. ಊರಿಗೆ ಹೋಗಬೇಕಲ್ಲ ಎಂದ ಒಬ್ಬ. ಪಾಸ್‌ಪೋರ್ಟ್ ಕಿತ್ತುಕೊಂಡರೆ ಎಂದ ಇನ್ನೊಬ್ಬ. ಬೆಲ್‌ರೋಸಿನ ಡಾಕ್ಟರೊಬ್ಬರು ಕಾಫಿ ಕೊಟ್ಟು, ಪತ್ರದ ಕಾಗುಣಿತ ತಿದ್ದಿ, ಸಹಿ ಮಾತ್ರ ಹಾಕದೆ ಕಳಿಸಿದರು. ಎಲ್ಲರ ಹೆಸರನ್ನೂ ಹಿಂದಿನ ಪುಟದಲ್ಲಿ ಗುರುತು ಹಾಕಿಕೊಂಡಿದ್ದೇನೆ. ಕಾಲ ಬದಲಾಗುತ್ತದೆ, ಆಗ ತೆಗೆದು ತೋರಿಸಲು ಬೇಕು.

ಸೆಪ್ಟೆಂಬರ್ 9, ಮಂಗಳವಾರ

ಲೋಮಾನರನ್ನು ಮನೆಯಲ್ಲಿರಲು ಹೇಳಿದ್ದಾರೆ. ಕುರುಡನಾದ ಒರ್ಟೀಸ್ ಕಂಪನಿಯ ಮೇಲೆ ದಾವೆ ಹೂಡಿದ್ದಾನೆ. ಎಂಜಿನಿಯರುಗಳ ಲೈಸೆನ್ಸ್ ಮಂಡಳಿಯೂ ಲೋಮಾನರಿಗೆ ನೋಟೀಸು ಕಳಿಸಿದೆ. ನಮ್ಮ ಎಂಜಿನಿಯರ್ ನಮ್ಮ ಮಾತು ಕೇಳಲಿಲ್ಲ ಎನ್ನುವುದು ಕಂಪನಿಗೆ ಸುಲಭ.

ಲೈಸೆನ್ಸ್ ಹೋದರೆ ಈ ದೇಶದಲ್ಲಿ ಅವರನ್ನು ಎಂಜಿನಿಯರ್ ಎನ್ನುವವರಿಲ್ಲ. ಐವತ್ತೊಂದರಲ್ಲಿ ಮತ್ತೆ ಯಾರು ಕೆಲಸ ಕೊಟ್ಟಾರು? ಮನೆಗೆ ಹೋಗಿದ್ದೆ. ಸೇಬಿನ ಮರದಡಿ ಬಿದ್ದ ಹಣ್ಣುಗಳನ್ನು ಜಾತಿವಾರು ಐದು ಬುಟ್ಟಿಗೆ ತುಂಬುತ್ತಿದ್ದರು. "ನೀವು ಕಂಡದ್ದನ್ನು ಹೇಳಿ, ಪಂಚಾ. ಅಷ್ಟು ಸಾಕು" ಎಂದರು. ನನ್ನ ಹೆಸರು ಪಂಚಾಕ್ಷರಿ ಎಂದು ಇಡಿಯಾಗಿ ಹೇಳಲು ಅವರಿಗೆ ಇನ್ನೂ ಬಾರದು.

ನವೆಂಬರ್ 6, ಗುರುವಾರ

ನೆವಾರ್ಕಿನಲ್ಲಿ ವಕೀಲರ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಟ್ಟೆ. ಮೂರು ಗಂಟೆ. ಒರ್ಟೀಸನ ವಕೀಲ ಕೇಳುವವನು, ಕಂಪನಿಯ ವಕೀಲ ನನ್ನ ಪಕ್ಕದಲ್ಲಿ, ಒಬ್ಬ ಹೆಂಗಸು ಸಣ್ಣ ಯಂತ್ರದಲ್ಲಿ ಎಲ್ಲವನ್ನೂ ಟೈಪ್ ಮಾಡುತ್ತಿದ್ದಳು. ಎಲ್ಲಿಯೂ ತಪ್ಪಲಿಲ್ಲ. ಮುಖ್ಯವಾದದ್ದು ಊಟದ ಬಿಡುವಿಗೆ ಸ್ವಲ್ಪ ಮೊದಲು ಬಂತು.

ಹಾಗಾದರೆ ಆ ಅಂಕಿಯನ್ನು ನೀವು ಇಪ್ಪತ್ತೇಳು ಎಂದು ಓದಲಿಲ್ಲವೇ ಎಂದು ಕೇಳಿದ. ಯೆಸ್ ಎಂದೆ. ಅದರ ಬಗ್ಗೆ ಮಿಸ್ಟರ್ ಲೋಮಾನ್‌ಗೆ ನೀವು ಏನೂ ಹೇಳಲಿಲ್ಲವೇ ಎಂದ. ಅದಕ್ಕೂ ಯೆಸ್ ಎಂದೆ, ಗಟ್ಟಿಯಾಗಿ. ಅವನು ಒಂದು ಗಳಿಗೆ ನನ್ನ ಮುಖ ನೋಡಿ ಹಾಳೆ ಮಗುಚಿದ. ನಮ್ಮ ವಕೀಲ ಗಡಿಯಾರ ನೋಡಿದ.

ನನ್ನ ಮೇಲೆ ಬಂದರೂ ಬರಲಿ. ಇದ್ದದ್ದನ್ನು ಇದ್ದಂತೆ ಹೇಳಿ ಬಂದೆ. ಬಹಳ ದಿನದ ಮೇಲೆ ಎದೆ ಹಗುರಾಗಿದೆ.

ನವೆಂಬರ್ 24, ಸೋಮವಾರ

ಹೇಳಿಕೆಯ ಟೈಪ್ ಮಾಡಿದ ಪ್ರತಿ ಅಂಚೆಯಲ್ಲಿ ಬಂದಿದೆ. ಓದಿ, ತಪ್ಪಿದ್ದರೆ ಜೊತೆಗಿರುವ ಹಾಳೆಯಲ್ಲಿ ಬರೆದು, ಸಹಿ ಮಾಡಿ ಮೂವತ್ತು ದಿನದೊಳಗೆ ಕಳಿಸಬೇಕು. ಪುಟ ನಲವತ್ತೊಂದನ್ನು ಓದಿದೆ. ನಾನು ಹೇಳಿದ ಹಾಗೆಯೇ ಇದೆ. ತೃಪ್ತಿಯಿಂದ ಗಿರಿಜಾಗೂ ತೋರಿಸಿದೆ. ಅವಳು ಊರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು, ಇಲ್ಲಿಯ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಎರಡು ಸಲ ಓದಿ ಕುರ್ಚಿ ಎಳೆದುಕೊಂಡು ಕೂತಳು.

"ಅಲ್ರೀ, ಇದೇನು ಹೇಳಿ ಬಂದೀರಿ?"

ಇದ್ದದ್ದನ್ನೇ ಹೇಳಿದ್ದೇನೆ ಎಂದೆ.

"ಮನ್ಯಾಗ ಚಾ ಬ್ಯಾಡೇನು ಅಂದ್ರ ಹೌದು ಅಂತೀರಿ. ಬ್ಯಾಡ ಅಂತ ನನಗ ತಿಳೀತದ. ಇವ್ರಿಗೆ ತಿಳೀತದೇನ್ರೀ? ಓದಲಿಲ್ಲ ಅಂತ ಕೇಳಿದಾಗ ಯೆಸ್ ಅಂದ್ರ, ಇವ್ರ ಲೆಕ್ಕದಾಗ ಓದೀನಿ ಅಂತ. ಹೇಳಲಿಲ್ಲ ಅಂದಾಗ ಯೆಸ್ ಅಂದ್ರ, ಹೇಳೀನಿ ಅಂತ. ನೋ ಅನಬೇಕಾಗಿತ್ತು, ನೋ."

ಹಾಳೆ ಕಸಿದುಕೊಂಡು ಮತ್ತೆ ಓದಿದೆ. ಈ ಕಾಗದದ ಪ್ರಕಾರ ನಾನು ಆ ಅಂಕಿಯನ್ನು ಇಪ್ಪತ್ತೇಳು ಎಂದು ಓದಿದ್ದೇನೆ, ಹೋಗಿ ಲೋಮಾನರಿಗೆ ಹೇಳಿಯೂ ಇದ್ದೇನೆ, ಅವರು ಕಿವಿಗೆ ಹಾಕಿಕೊಳ್ಳದೆ ಹಾಳೆಯನ್ನು ಹಾಗೇ ಕಳಿಸಿದ್ದಾರೆ. ಇಬ್ಬರು ವಕೀಲರೂ ಮತ್ತೆ ಕೇಳದೆ ಬಿಟ್ಟದ್ದು ಯಾಕೆಂದು ಈಗ ತಿಳಿಯಿತು. ಒರ್ಟೀಸನವನಿಗೆ, ತಪ್ಪು ಮೊದಲೇ ಗೊತ್ತಿತ್ತು ಎಂದಾಯಿತು. ನಮ್ಮವನಿಗೆ, ಗೊತ್ತಿದ್ದೂ ಬಿಟ್ಟವರು ಲೋಮಾನ್ ಒಬ್ಬರೇ ಎಂದಾಯಿತು. ಇಬ್ಬರಿಗೂ ಅನುಕೂಲ.

ಎರಡು ಪದ ತಿದ್ದಿದರೆ ಆಯಿತು. ನಾಳೆಯೇ ತಿದ್ದಿ ಕಳಿಸುತ್ತೇನೆ.

ಡಿಸೆಂಬರ್ 3, ಬುಧವಾರ

ಕಿಂಬಲ್ ಒಳಗೆ ಕರೆದ. ನನ್ನ ಹೇಳಿಕೆಯನ್ನು ವಕೀಲರು ಮೆಚ್ಚಿದರಂತೆ. ಬಂದ ಹಾಗೇ ಸಹಿ ಮಾಡಿ ಕಳಿಸಿಬಿಡು, ಪ್ರಮಾಣ ಮಾಡಿ ಹೇಳಿದ್ದನ್ನು ಆಮೇಲೆ ತಿದ್ದಿದರೆ ಮೊದಲು ಹೇಳಿದ್ದು ಸುಳ್ಳೇ ಎಂದು ಕೇಳುತ್ತಾರೆ ಎಂದ. ಏಳುವಾಗ ಮತ್ತೊಂದು ಮಾತು: ನನ್ನ ಗ್ರೀನ್ ಕಾರ್ಡಿಗೆ ಕಂಪನಿ ಕೊಡಬೇಕಾದ ಕೊನೆಯ ಪತ್ರ ಅವನ ಮೇಜಿನ ಮೇಲಿದೆಯಂತೆ, ವರ್ಷ ಮುಗಿಯುವುದರೊಳಗೆ ಸಹಿ ಮಾಡುತ್ತಾನಂತೆ. ಎರಡು ಮಾತಿಗೂ ಸಂಬಂಧವೇ ಇಲ್ಲದವನಂತೆ ಬಾಗಿಲವರೆಗೆ ಬಂದು ಕೈ ಕುಲುಕಿದ.

ನೀಚ. ಎಂಥ ಜನರ ಕೈಯಲ್ಲಿದ್ದೇವೆ.

ಡಿಸೆಂಬರ್ 7, ಭಾನುವಾರ

ಲೋಮಾನ್ ಫೋನ್ ಮಾಡಿದರು. ಅವರ ವಕೀಲರಿಗೂ ಪ್ರತಿ ಬಂದಿದೆ. ಪುಟ ನಲವತ್ತೊಂದು, ಸಾಲು ಎಂಟು ಮತ್ತು ಹನ್ನೆರಡು, ಭಾಷೆಯ ತೊಡಕು ಎಂದು ಅನ್ನಿಸುತ್ತದೆ, ನೀವು ತಿದ್ದುತ್ತೀರಿ ಎಂದು ವಕೀಲರಿಗೆ ಹೇಳಿದ್ದೇನೆ ಎಂದರು. ದನಿಯಲ್ಲಿ ಸಂಶಯವೇ ಇರಲಿಲ್ಲ. ಜರ್ಮನ್ ಭಾಷೆಯಲ್ಲಿ ಇದಕ್ಕೆಂದೇ ಇನ್ನೊಂದು ಪದವಿದೆಯಂತೆ. ಇಲ್ಲವೇ ಎಂದು ಕೇಳಿದವನಿಗೆ ಇದೆ ಎನ್ನಲು. ಇಂಗ್ಲಿಷು ಆ ವಿಷಯದಲ್ಲಿ ಬಡ ಭಾಷೆ ಎಂದು ನಕ್ಕರು. ನಾನೂ ನಕ್ಕೆ. ನೋಡೋಣ ಎಂದೆ. ಅವರು ಥ್ಯಾಂಕ್ ಯೂ ಎಂದರು.

ಡಿಸೆಂಬರ್ 14, ಭಾನುವಾರ

ಶಿವರಾಮ್ ಬಂದಿದ್ದ. ಊರಿನಲ್ಲಿ ಜೈಲಿನಲ್ಲಿರುವವರ ಮನೆಯವರ ಬಗ್ಗೆ ಇನ್ನೊಂದು ಪತ್ರ ಬರೆಯಬೇಕೆಂದ. ಎರಡು ಪುಟ ಬರೆದುಕೊಟ್ಟೆ. ಮೌನವಾಗಿರುವ ಪ್ರತಿಯೊಬ್ಬನೂ ಬೀಗದ ಕೈ ಹಿಡಿದ ಕಾವಲುಗಾರ ಎಂಬ ವಾಕ್ಯ ಅವನಿಗೆ ಬಹಳ ಹಿಡಿಸಿತು. ಗಿರಿಜಾ ಅಡಿಗೆ ಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು. ಕೊನೆಗೆ ಹೊರಗೆ ಬಂದು, ಮೊದಲು ಮೇಜಿನ ಮೇಲಿರುವ ಕಾಗದ ತಿದ್ದಿ ಸಹಿ ಮಾಡಲಿ ಎಂದಳು. ಶಿವರಾಮ್ ಯಾವ ಕಾಗದ ಎಂದ. ಹೇಳಬೇಕಾಯಿತು.

"ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಸಾರ್? ಎರಡು ಪದ ತಾನೆ?" ಎಂದ.

ಅವನ ಗ್ರೀನ್ ಕಾರ್ಡ್ ಬಂದು ಮೂರು ವರ್ಷವಾಗಿದೆ. ಅದನ್ನೂ ಹೇಳಿದೆ. ಬೇಗ ಎದ್ದು ಹೋದ.

"ನಿಮ್ಮ ಸಿಟ್ಟೆಲ್ಲ ಏಳು ಸಮುದ್ರದ ಆಚೆ ಇರೋರ ಮ್ಯಾಲ. ಲೋಮಣ್ಣ ಇರೋದು ಹದಿನಾಲ್ಕು ಮೈಲಿ" ಎಂದಳು ಗಿರಿಜಾ.

ಅವಳಿಗೆ ಗೊತ್ತಿಲ್ಲ. ಕಂಪನಿಯ ಪತ್ರ ಬಾರದಿದ್ದರೆ ನಾವು ಮೂವರೂ ಈ ದೇಶ ಬಿಡಬೇಕು. ಅಲ್ಲದೆ, ನಿಷ್ಪಕ್ಷವಾಗಿ ಯೋಚಿಸಿದರೆ, ಅವರ ಬರಹ ಕೆಟ್ಟದ್ದು ಎಂಬುದೂ ನಿಜ. ಇಪ್ಪತ್ತೆರಡು ವರ್ಷ ಈ ದೇಶದಲ್ಲಿದ್ದವರು ಒಂದು ಎಂಬ ಅಂಕಿಯನ್ನು ಇಲ್ಲಿಯವರಂತೆ ಬರೆಯಲು ಕಲಿಯಬಾರದೆ? ಆ ದಿನ ಓದುವಾಗ ನಾನೂ ಒಂದು ಕ್ಷಣ ತಡೆದಿದ್ದೆನೋ ಏನೋ. ಹದಿನಾಲ್ಕು ಹಾಳೆಯ ನಡುವೆ ಯಾರು ಹೇಳಬಲ್ಲರು?

ಡಿಸೆಂಬರ್ 19, ಶುಕ್ರವಾರ

ಸಹಿ ಮಾಡಿ ಕಳಿಸಿದೆ. ತಿದ್ದುಪಡಿಯ ಹಾಳೆ ಖಾಲಿ.

ಹಿಮ ಬೀಳುತ್ತಿತ್ತು. ಅಂಚೆ ಕಚೇರಿಯಲ್ಲಿ ಉದ್ದ ಸಾಲು.

ಡಿಸೆಂಬರ್ 30, ಮಂಗಳವಾರ

ಕಿಂಬಲ್ ಪತ್ರಕ್ಕೆ ಸಹಿ ಮಾಡಿದ. ಗಿರಿಜಾಗೆ ಹೇಳಿದೆ. ಹೂಂ ಎಂದಳು.

ಫೆಬ್ರವರಿ 8, 1976. ಭಾನುವಾರ

ಶಿವರಾಮನ ಮನೆಯಲ್ಲಿ ಸಭೆ. ಹೋಗಲಿಲ್ಲ, ಚಳಿ. ಆ ಪತ್ರಗಳಿಂದ ಏನು ತಾನೆ ಆಗುತ್ತದೆ? ಅಲ್ಲಿ ಕೂತವರು ಓದುತ್ತಾರೆಯೇ? ಇಂಗೆ ಫೋನ್ ಮಾಡಿದ್ದರಂತೆ, ಗಿರಿಜಾ ಮಾತಾಡಿದಳು. ಏನು ಮಾತಾಡಿದರೆಂದು ಕೇಳಲಿಲ್ಲ.

ಮಾರ್ಚ್ 21, ಭಾನುವಾರ

ಲೈಸೆನ್ಸ್ ಮಂಡಳಿಯ ತೀರ್ಪು ಬಂದಿದೆ. ಲೋಮಾನರ ಲೈಸೆನ್ಸ್ ರದ್ದು. ಸಹೋದ್ಯೋಗಿಯು ಎಚ್ಚರಿಸಿದ ಮೇಲೂ ತಪ್ಪನ್ನು ಸರಿಪಡಿಸದೆ ನಿರ್ಲಕ್ಷಿಸಿದ್ದಾರೆ ಎಂದು ಕಾರಣ ಕೊಟ್ಟಿದ್ದಾರೆ. ಮಂಡಳಿಯಲ್ಲಿ ಕೂತವರು ಯಾರು? ದೊಡ್ಡ ಕಂಪನಿಗಳ ನೆಂಟರು. ಅವರಿಂದ ಬೇರೆ ಏನು ಬರುತ್ತದೆ? ಒಬ್ಬ ವಲಸಿಗನನ್ನು ಬಲಿ ಕೊಟ್ಟು ಎಲ್ಲರೂ ಕೈ ತೊಳೆದುಕೊಂಡರು.

ಆ ದಿನ ನಾನು ಅವರ ಮೇಜಿನ ಬಳಿ ಹೋದದ್ದಂತೂ ನಿಜ, ಅದು ಚೆನ್ನಾಗಿ ನೆನಪಿದೆ. ಯಾವುದಕ್ಕೆ ಹೋದೆ ಎಂಬುದು ಅಷ್ಟು ಸ್ಪಷ್ಟವಿಲ್ಲ. ಕಳೆದ ವರ್ಷದ ಡೈರಿ ಟ್ರಂಕಿನ ತಳದಲ್ಲಿದೆ. ಮೇಲೆ ಚಳಿಗಾಲದ ಬಟ್ಟೆ ತುಂಬಿದೆ.

ಏಪ್ರಿಲ್ 25, ಭಾನುವಾರ

ಕೆಂಡಲ್ ಪಾರ್ಕಿನ ಮನೆ ಮಾರಾಟಕ್ಕಿದೆಯಂತೆ. ಲೋಮಾನ್ ರೂಟ್ ಒನ್ ಮೇಲಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಸ್ಕ್ರೂ ತೂಗಿ ಕೊಡುತ್ತಾರಂತೆ. ಊಟೆ ಕಾಲೇಜಿಗೆ ಸೇರುವುದನ್ನು ಮುಂದೆ ಹಾಕಿದ್ದಾಳೆ. ದೋಣಿಯನ್ನು ಯಾರೋ ಪೆನ್ಸಿಲ್ವೇನಿಯಾದವರು ಒಯ್ದರು. ಇದನ್ನೆಲ್ಲ ಹೇಳಿದವಳು ನೀತಾ. ಊಟೆ ಅವಳಿಗೆ ಕಾಗದ ಬರೆಯುತ್ತಾಳೆ.

ಈ ಬೇಸಗೆ ಅವರೊಡನೆ ಎಲ್ಲಿಗೂ ಹೋಗುವುದಿಲ್ಲವೇ ಎಂದು ನೀತಾ ಕೇಳಿದಳು. ಅವರಿಗೆ ಕೆಲಸ ಬಹಳ, ದೋಣಿಗೆ ಪುರುಸೊತ್ತಿಲ್ಲ ಎಂದೆ. "ಪಪ್ಪಾ, ದೇ ಸೋಲ್ಡ್ ದಿ ಬೋಟ್. ಐ ಜಸ್ಟ್ ಟೋಲ್ಡ್ ಯೂ" ಎಂದಳು.

ಮೇ 20, ಗುರುವಾರ

ಗ್ರೀನ್ ಕಾರ್ಡ್ ಬಂತು. ಮೂವರದೂ.

ಗಿರಿಜಾ ತನ್ನದನ್ನು ನೋಡಿ ಡ್ರಾಯರಿನಲ್ಲಿಟ್ಟಳು. ಪಾಯಸ ಮಾಡು ಎಂದೆ. ಹಾಲಿಲ್ಲ ಎಂದಳು. ಫ್ರಿಜ್ಜಿನಲ್ಲಿ ಹಾಲಿತ್ತು.

ಜೂನ್ 13, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಲೋಮಾನ್ ಬಂದಿದ್ದರು. ಕಾರು ತೊಳೆಯೋಣವೆಂದು ನಾನು ಅಪಾರ್ಟ್‌ಮೆಂಟಿನ ಕೆಳಗಿದ್ದೆ, ಅಲ್ಲಿಗೇ ಬಂದರು. ಆರು ತಿಂಗಳಲ್ಲಿ ಹತ್ತು ವರ್ಷ ಮುದುಕರಾಗಿದ್ದಾರೆ. ಕಾಲರ್ ಕುತ್ತಿಗೆಗೆ ದೊಡ್ಡದಾಗಿದೆ. ಮೇಲೆ ಬನ್ನಿ ಎಂದೆ. ಬೇಡ, ಇಂಗೆ ಕಾಯುತ್ತಿದ್ದಾಳೆ ಎಂದರು.

ಜಗಳಕ್ಕೆ ಬಂದಿದ್ದಾರೆಂದು ತಿಳಿದು ಉತ್ತರ ಸಿದ್ಧಮಾಡಿಕೊಂಡೆ. ಅವರು ಜಗಳವಾಡಲಿಲ್ಲ. ಮಂಡಳಿಯದು ಮುಗಿಯಿತು, ಮತ್ತೆ ಅಪೀಲು ಮಾಡುವುದಿಲ್ಲ, ನಿಮ್ಮಿಂದ ಕಾಗದ ಏನೂ ಬೇಡ ಎಂದರು. ಡಿಸೆಂಬರಿನಲ್ಲಿ ನೀವು ತಿದ್ದುತ್ತೀರಿ ಎಂದುಕೊಂಡಿದ್ದೆ. ತಿದ್ದಲಿಲ್ಲ. ಪಂಚಾ ಸುಳ್ಳಿಗೆ ಸಹಿ ಹಾಕುವವನಲ್ಲ ಎಂದು ಇಂಗೆಗೆ ಹೇಳಿದೆ. ಹಾಗಿದ್ದರೆ ಅದು ನಿಜವೇ ಇರಬೇಕಲ್ಲ ಎಂದು ಆಮೇಲೆ ಅನ್ನಿಸತೊಡಗಿತು ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಬಕೆಟ್ಟಿನ ನೀರು ನೋಡುತ್ತ, ಲೆಕ್ಕ ಒಪ್ಪಿಸುವವರಂತೆ ನಿಧಾನವಾಗಿ ಹೇಳಿದರು:

"ಆ ದಿನವನ್ನು ದಿನಾ ಮೊದಲಿನಿಂದ ನೆನೆಯುತ್ತೇನೆ. ನೀವು ನನ್ನ ಮೇಜಿಗೆ ಬಂದಿರಿ. ಅದು ಕಾಣುತ್ತದೆ. ಏನು ಹೇಳಿದಿರಿ ಎಂಬುದು ಕೇಳುವುದಿಲ್ಲ. ನೀವು ಹೇಳಿ, ನಾನು ಕೇಳಿಸಿಕೊಳ್ಳದೆ ಕಳಿಸಿದ್ದರೆ, ಆ ಮನುಷ್ಯನ ಕಣ್ಣು ಕಳೆದವನು ನಾನೇ. ಹೇಳಿರದಿದ್ದರೆ ಅದು ಬೇರೆ. ಕೆಲಸ ಹೋದದ್ದು ಇರಲಿ. ಇದೊಂದು ಗೊತ್ತಾಗಬೇಕು. ನೀವು ನನಗೆ ಹೇಳಿದ್ದಿರಾ?"

ಸುತ್ತ ಯಾರೂ ಇರಲಿಲ್ಲ. ಗಿರಿಜಾ ಮೇಲೆ ಕಿಟಕಿಯಲ್ಲಿ ನಿಂತಿದ್ದಳು. ಅಲ್ಲಿಗೆ ಕೇಳಿಸುವುದಿಲ್ಲ.

"ನನಗೆ ನೆನಪಿಲ್ಲ" ಎಂದೆ.

ಅವರು ಬಕೆಟ್ಟಿನಿಂದ ಕಣ್ಣೆತ್ತಿದರು. "ಹಾಗಾದರೆ ಹೇಳಿರಬಹುದು" ಎಂದರು. ನನಗಲ್ಲ, ತಮಗೇ ಹೇಳಿಕೊಂಡಂತೆ. ಆಮೇಲೆ ಟೋಪಿ ಹಾಕಿಕೊಂಡು, ಥ್ಯಾಂಕ್ ಯೂ ಎಂದು ಹೇಳಿ ಹೋದರು. ಕಾರನ್ನು ಬಹಳ ನಿಧಾನವಾಗಿ ಓಡಿಸಿದರು, ದಾರಿ ಗೊತ್ತಿಲ್ಲದವರ ಹಾಗೆ.

ಮೇಲೆ ಬಂದಾಗ ಗಿರಿಜಾ ಏನು ಕೇಳಿದರು ಎಂದಳು. ಸುಮ್ಮನೆ ಬಂದಿದ್ದರು ಎಂದೆ. ಈಚೆಗೆ ಅವಳು ಏನನ್ನೂ ಎರಡನೆಯ ಸಲ ಕೇಳುವುದಿಲ್ಲ.

ಜೂನ್ 15, ಮಂಗಳವಾರ

ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಮೇಜಿನ ಬಳಿ ಹೋದ ಮೇಲೆ, ಹಾಳೆ ಕೈಯಲ್ಲಿದ್ದ ಮೇಲೆ, ಒಂದು ಮಾತು ಹೇಳದೆ ಬಂದಿರುತ್ತೇನೆಯೇ? ಅದು ನನ್ನ ಸ್ವಭಾವವೇ ಅಲ್ಲ. ಹೇಳಿದ್ದೆ ಎಂದೇ ಈಗ ನನಗೆ ಅನ್ನಿಸುತ್ತದೆ.